ಗ್ರಹಚಾರ ಅಲ್ಲ ಸ್ವಾಮಿ, ಮೀಟರು!

ಹಳೇ ದೊಡ್ಡ ಗಾಡಿ ತಗೊಂಡು ಕೈ ಸುಟ್ಟುಕೊಂಡವರ ಬಗ್ಗೆ ನಮ್ಮ ಕೆರಗೋಡಿನ ಕಡೆ ಒಂದು ಮಾತು ಚಾಲ್ತಿಯಲ್ಲಿದೆ. "ಅವ್ನ್ ಗ್ರಹಚಾರ ಕಣಪ್ಪ, ಗಾಡಿ ಕೂಡಿ ಬರ್ಲಿಲ್ಲ."

ಗಾಡಿ ಕೂಡಿ ಬರೋದು! ಹೆಣ್ಣು ಗಂಡಿನ ಜಾತಕ ಕೂಡಿ ಬಂದ ಹಾಗೆ. ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತೆ. ಕ್ಲಚ್ ಪ್ಲೇಟಿಗೆ ಸಾಡೇಸಾತಿ ಹಿಡಿಯೋದಿಲ್ಲ ಸ್ವಾಮಿ, ಅದು ಸವೆಯುತ್ತೆ. ಎಷ್ಟು ಕಿಲೋಮೀಟರಿಗೆ ಸವೆಯುತ್ತೆ ಅಂತ ಮಾಡಿದವನಿಗೆ ಗೊತ್ತು, ಮಾರಿದವನಿಗೆ ಗೊತ್ತು, ಬಿಚ್ಚಿ ಹಾಕುವವನಿಗೂ ಗೊತ್ತು. ಗೊತ್ತಿಲ್ಲದೇ ಇರೋದು ದುಡ್ಡು ಕೊಡುವವನಿಗೆ ಮಾತ್ರ. ಅವನಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳೋದರ ಮೇಲೇ ಒಂದು ಇಡೀ ವ್ಯಾಪಾರ ನಿಂತಿದೆ. ಅದಕ್ಕೆ ಗ್ರಹಚಾರ ಅಂತ ಹೆಸರಿಟ್ಟರೆ ಮೋಸ ಮಾಡಿದವನು ಆರಾಮ, ಮೋಸ ಹೋದವನು ಮನೆಯಲ್ಲಿ ಶಾಂತಿ ಮಾಡಿಸ್ತಾ ಕೂರಬೇಕು.

(ಕೆರಗೋಡು ಅಂದ್ರೆ ಮಂಡ್ಯ ತಾಲ್ಲೂಕಿನ ಹೋಬಳಿ. 2024ರ ಜನವರಿಯಲ್ಲಿ ಧ್ವಜಸ್ತಂಭದ ಗಲಾಟೆಯಾಗಿ ವಾರಗಟ್ಟಲೆ ಟೀವಿಯಲ್ಲಿ ಬಂತಲ್ಲ, ಅದೇ ಊರು. ಆ ವಿಷಯ ಇಲ್ಲಿ ಬೇಡ. ಊರಲ್ಲಿ ಅದಕ್ಕಿಂತ ಹೆಚ್ಚು ಮನೆಗಳನ್ನು ಅಲ್ಲಾಡಿಸಿದ ವಿಷಯ ಇದು, ಆದರೆ ಇದಕ್ಕೆ ಕ್ಯಾಮೆರಾ ಬರಲ್ಲ.)

ದೊಡ್ಡ ಗಾಡಿ ಮಾರುವವರ ವಾದ ಸರಳ. ಹೊಸ ಸಣ್ಣ ಕಾರಿನ ದುಡ್ಡಿಗೆ ಏಳು ಸೀಟಿನ ಹಳೇ ಗಾಡಿ ಬರುತ್ತೆ. ಮನೆಮಂದಿಯೆಲ್ಲ ಒಟ್ಟಿಗೆ ಹೋಗಬಹುದು. ನಾಲೆ ಏರಿ ಮೇಲಿನ ಕಲ್ಲು ರಸ್ತೆಗೆ, ಗದ್ದೆ ಬದುವಿಗೆ ತಳ ತಾಗಲ್ಲ. ಡೀಸೆಲ್ ಇಂಜಿನ್, ಮೂರು ಲಕ್ಷ ಕಿಲೋಮೀಟರ್ ಗ್ಯಾರಂಟಿ. ಬೀಗರೂಟಕ್ಕೆ ಹೋಗಿ ಇಳಿದರೆ ಗೌರವ ಬೇರೆ. ಈ ಕೊನೆಯದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಅರ್ಧ ವ್ಯಾಪಾರ ಕುದುರೋದು ಅದರಿಂದಲೇ. ನಾನು ಗೌರವವನ್ನು ಗೇಲಿ ಮಾಡೋದಿಲ್ಲ. ಹತ್ತು ವರ್ಷ ಟಿವಿಎಸ್‌ನಲ್ಲಿ ಹುಲ್ಲಿನ ಹೊರೆ ಹೊತ್ತವನಿಗೆ ಒಂದು ದಿನ ಎತ್ತರದ ಸೀಟಲ್ಲಿ ಕೂರಬೇಕು ಅನ್ನಿಸಿದರೆ ತಪ್ಪೇನು? ತಪ್ಪಿರೋದು ಆ ಆಸೆಗೆ ಬೆಲೆ ಕಟ್ಟಿ ಕೂತಿರುವವರಲ್ಲಿ.

ಡೀಸೆಲ್ ಗಾಡಿಗೆ ಸಾವಿಲ್ಲ ಅನ್ನುವ ನಂಬಿಕೆ ಬಂದದ್ದು ಸುಮ್ಮನೆ ಅಲ್ಲ. 1994ರಲ್ಲಿ ಟಾಟಾ ಸುಮೊ ಬಂತು (ಹೆಸರು ಜಪಾನಿನ ಕುಸ್ತಿಯಿಂದ ಬಂದದ್ದಲ್ಲ, ಟಾಟಾ ಮೋಟಾರ್ಸ್ ಕಟ್ಟಿದ ಸುಮಂತ್ ಮೂಲ್ಗಾಂವ್‌ಕರ್ ಅವರ ಹೆಸರಿಂದ ಬಂದದ್ದು). 2000ದಲ್ಲಿ ಟೊಯೊಟಾ ಕ್ವಾಲಿಸ್ ಬಂತು, ಅದೇ ವರ್ಷ ಬೊಲೆರೊ. ಈ ಗಾಡಿಗಳನ್ನು ನಮ್ಮವರು ಕಣ್ಣಾರೆ ನೋಡಿದ್ದಾರೆ. ಹತ್ತು ಜನ ಕೂರುವ ಕಡೆ ಹದಿನಾರು ಜನ ತುಂಬಿಕೊಂಡು ಮಾದಪ್ಪನ ಬೆಟ್ಟ ಹತ್ತಿ ಇಳಿದವು. ಡೀಸೆಲ್ ಪಂಪು, ಸ್ಪ್ರಿಂಗು, ಗೇರ್ ಬಾಕ್ಸು, ಎಲ್ಲ ಕಣ್ಣಿಗೆ ಕಾಣುವ, ಕೈಗೆ ಸಿಗುವ ಸಾಮಾನು. ಕೆಟ್ಟರೆ ಟ್ರಾಕ್ಟರ್ ರಿಪೇರಿ ಮಾಡುವವನೇ ಮರದ ನೆರಳಲ್ಲಿ ಬಿಚ್ಚಿ ಜೋಡಿಸುತ್ತಿದ್ದ. ಕ್ವಾಲಿಸ್ ಮಾರಾಟ 2005ಕ್ಕೇ ನಿಂತಿತು. ಆದರೆ ಅದು ಸಂಪಾದಿಸಿದ ಒಳ್ಳೇ ಹೆಸರಿನ ಮೇಲೆ ಇವತ್ತಿಗೂ ಬೇರೆ ಗಾಡಿಗಳು ಮಾರಾಟವಾಗುತ್ತಿವೆ. ಅಪ್ಪ ಒಳ್ಳೆಯವನು ಅಂತ ಮಗನಿಗೆ ಸಾಲ ಕೊಟ್ಟ ಹಾಗೆ.

ಆಮೇಲೆ ಬಂದ ಡೀಸೆಲ್ ಇಂಜಿನ್ನುಗಳದು ಜಾತಿಯೇ ಬೇರೆ. ಕಾಮನ್ ರೇಲ್ ಅಂತಾರೆ. ಡೀಸೆಲ್ಲನ್ನು ಸಾವಿರ, ಒಂದೂವರೆ ಸಾವಿರ ಬಾರ್ ಒತ್ತಡದಲ್ಲಿ ತೀರಾ ಸಣ್ಣ ತೂತುಗಳಿಂದ ಚಿಮ್ಮಿಸುವ ಇಂಜೆಕ್ಟರ್, ಅದನ್ನು ಕುಣಿಸುವ ಕಂಪ್ಯೂಟರ್. ಡೀಸೆಲ್ಲಿನಲ್ಲಿ ಒಂದಿಷ್ಟು ನೀರು, ಕಸ ಸೇರಿದರೆ ಸಾಕು, ಇಂಜೆಕ್ಟರ್ ಹೋಯ್ತು. ಟರ್ಬೊ ಒಳಗಿನ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗುತ್ತೆ. ಅದಕ್ಕೆ ಆಧಾರ ತೆಳ್ಳಗಿನ ಆಯಿಲ್ ಪದರ ಒಂದೇ. ಹಿಂದಿನ ಓನರು ಎರಡು ಸಲ ಆಯಿಲ್ ಬದಲಿಸುವುದನ್ನು ತಪ್ಪಿಸಿದ್ದರೆ ಅದರ ಬಿಲ್ಲು ಮುಂದಿನವನ ಹೆಸರಿಗೆ. ಕ್ಲಚ್ಚಿನ ಹಿಂದೆ ನಡುಕ ತಡೆಯೋಕೆ ಎರಡು ಪದರದ ಫ್ಲೈವೀಲು. ಮೊದಲು ಕ್ಲಚ್ ಅಂದ್ರೆ ಪ್ಲೇಟು ಬದಲಿಸಿ ಕಳಿಸೋರು, ಈಗ ಪ್ಲೇಟಿನ ಜೊತೆ ಅದೂ ಹೋಗಿರುತ್ತೆ, ಬಿಲ್ಲು ಮೂರು ಪಟ್ಟು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಬೇರೆ ಇದೆ. ಅದು ಶುದ್ಧ ಆಗಬೇಕಾದರೆ ಗಾಡಿ ಹೈವೇಯಲ್ಲಿ ಸ್ವಲ್ಪ ಹೊತ್ತು ಒಂದೇ ಸಮ ಬಿಸಿಯಾಗಿ ಓಡಬೇಕು. ಮನೆಯಿಂದ ಡೇರಿಗೆ, ಡೇರಿಯಿಂದ ಸೊಸೈಟಿಗೆ ಓಡಿಸಿದರೆ ಮಸಿ ಕಟ್ಟಿಕೊಂಡು ದೀಪ ಹತ್ತುತ್ತೆ. ಅಂಥವು ಈಗ ಸೆಕೆಂಡ್ ಹ್ಯಾಂಡಿಗೆ ಬರೋಕೆ ಶುರುವಾಗಿವೆ. ಮುಂದಿನ ಐದು ವರ್ಷ ಊರುಗಳಲ್ಲಿ ಇದೇ ಕಥೆ, ಬರೆದಿಟ್ಟುಕೊಳ್ಳಿ.

ಇನ್ನು ಲೆಕ್ಕಕ್ಕೆ ಬರೋಣ. ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, 2022ರ ಜೂನ್‌ನಲ್ಲಿ ಬೆಂಗಳೂರಿನ ಒಬ್ಬ ವ್ಯಾಪಾರಿ ಹತ್ತಿರ 2014ರ ಮಾಡೆಲ್ ಏಳು ಸೀಟಿನ ಡೀಸೆಲ್ ಗಾಡಿ ತಗೊಂಡ. ಕಂಪನಿ ಹೆಸರು, ವ್ಯಾಪಾರಿ ಹೆಸರು ಎರಡೂ ಬರೆಯಲ್ಲ, ಯಾವ ಹೆಸರು ಹಾಕಿದರೂ ಕಥೆ ಬದಲಾಗಲ್ಲ. ರೇಟು 5,60,000. ಅದರಲ್ಲಿ ಮೂರೂವರೆ ಲಕ್ಷ ಫೈನಾನ್ಸು, ಉಳಿದದ್ದಕ್ಕೆ ಅತ್ತಿಗೆ ಒಡವೆ ಬ್ಯಾಂಕಿಗೆ ಹೋಯ್ತು. ಮೀಟರಿನಲ್ಲಿ 82,000 ಕಿಲೋಮೀಟರ್. "ಸಿಂಗಲ್ ಓನರ್, ಡಾಕ್ಟರ್ ಓಡಿಸಿದ ಗಾಡಿ" ಅಂದ. (ಕರ್ನಾಟಕದಲ್ಲಿರುವ ಡಾಕ್ಟರುಗಳಿಗಿಂತ ಡಾಕ್ಟರ್ ಓಡಿಸಿದ ಗಾಡಿಗಳ ಸಂಖ್ಯೆಯೇ ಜಾಸ್ತಿ ಇರಬೇಕು :-))

ಶೋಕಿಗೆ ತಗೊಂಡದ್ದಲ್ಲ. ದೊಡ್ಡಮ್ಮನಿಗೆ ಕಿಡ್ನಿ ಹೋಗಿ ವಾರಕ್ಕೆ ಎರಡು ಸಲ ಮಂಡ್ಯಕ್ಕೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕಿತ್ತು. ಬರುವಾಗ ಸುಸ್ತಾಗಿರ್ತಾರೆ, ಹಿಂದಿನ ಸೀಟಲ್ಲಿ ಮಲಗಿಸಿಕೊಂಡು ಬರಬಹುದು ಅಂತ. ಗಾಡಿ ಮನೆ ಮುಂದೆ ಬಂದು ನಿಂತ ದಿನ ಗೊತ್ತಾಯ್ತು, ದೊಡ್ಡಮ್ಮನಿಗೆ ಅದನ್ನು ಹತ್ತೋಕೆ ಆಗಲ್ಲ. ಅಷ್ಟು ಎತ್ತರ. ಹಾಲು ಕರೆಯುವಾಗ ಕೂರುವ ಮರದ ಸ್ಟೂಲು ಅವತ್ತಿನಿಂದ ಡಿಕ್ಕಿ ಸೇರಿತು.

ಮನೆ ಲೆಕ್ಕ ಬರೆಯುವವನು ನಾನು. ಬಿಲ್ಲುಗಳೆಲ್ಲ ನನ್ನ ಹತ್ತಿರವೇ ಇವೆ. ಮೊದಲ ತಿಂಗಳೇ ನಾಲ್ಕು ಟಯರು 40,000, ಬ್ಯಾಟರಿ 7,500. ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಹಳೇ ಗಾಡಿ ಅಂದ್ಮೇಲೆ ಇದ್ದದ್ದೇ. ದೀಪಾವಳಿ ಹೊತ್ತಿಗೆ ಕ್ಲಚ್ಚು, ಫ್ಲೈವೀಲು ಸೇರಿ 58,000. ಮುಂದಿನ ಆರ್ಮು, ಬುಷ್ಷು, ಬಾಲ್ ಜಾಯಿಂಟು 24,500. 2023ರ ಬೇಸಿಗೆಯಲ್ಲಿ ಟರ್ಬೊ, 46,000. ಅವತ್ತು ಡಯಾಲಿಸಿಸ್ ದಿನ. ಮಂಡ್ಯ ರಸ್ತೆಯಲ್ಲಿ ಎಳೆತ ಸತ್ತುಹೋಗಿ ಹಿಂದೆ ಒಂದೇ ಸಮ ಹೊಗೆ. ಕಬ್ಬಿನ ಗದ್ದೆ ಪಕ್ಕ ನಿಂತ ಗಾಡಿಯಿಂದ ದೊಡ್ಡಮ್ಮನನ್ನು ಇಳಿಸಿ, ತೆಂಗಿನಕಾಯಿ ತುಂಬಿಕೊಂಡು ಬರುತ್ತಿದ್ದ ಟಾಟಾ ಏಸ್‌ನ ಮುಂದಿನ ಸೀಟಲ್ಲಿ ಕೂರಿಸಿ ಕಳಿಸಿದೆವು. ಅದಕ್ಕೆ ಸ್ಟೂಲು ಬೇಕಾಗಲಿಲ್ಲ.

ಆಮೇಲೆ ದೊಡ್ಡದು ಬಂತು. ಕಾರ್ತೀಕದಲ್ಲಿ ಮಾದಪ್ಪನ ಬೆಟ್ಟಕ್ಕೆ ಹೊರಟವರು ತಾಳಬೆಟ್ಟ ದಾಟಿ ನಾಲ್ಕು ತಿರುವು ಹತ್ತುವಷ್ಟರಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ ಎತ್ತಿದರೆ ಹಬೆ. ಕೊಳ್ಳೇಗಾಲಕ್ಕೆ ಎಳೆಸಿಕೊಂಡು ಬಂದು ಬಿಚ್ಚಿಸಿದರೆ ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿದೆ. ಕೂಲಂಟ್ ಹಾಕಬೇಕಾದ ಕಡೆ ಹಿಂದಿನವನು ವರ್ಷಗಟ್ಟಲೆ ಬೋರ್‌ವೆಲ್ ನೀರು ಹಾಕಿದ್ದಾನೆ. ಗಡಸು ನೀರಿನಿಂದ ಸ್ನಾನದ ಹಂಡೆ ಒಳಗೆ ಬಿಳಿ ಪದರ ಕಟ್ಟುತ್ತಲ್ಲ, ಅದೇ ಕಥೆ. ನೀರು ಓಡಾಡಲ್ಲ, ಇಂಜಿನ್ ಕಾಯುತ್ತೆ, ಹೆಡ್ಡು ಸೊಟ್ಟಗಾಗುತ್ತೆ, ಗ್ಯಾಸ್ಕೆಟ್ ಹೋಗುತ್ತೆ. ಎಳೆಸಿದ ಬಾಡಿಗೆ ಸೇರಿ 72,000. ಕೊನೆಗೆ ಎರಡು ಇಂಜೆಕ್ಟರ್, 31,000.

ಒಟ್ಟು 2,79,000. ಇಪ್ಪತ್ತಾರು ತಿಂಗಳಲ್ಲಿ. ಇದರಲ್ಲಿ ಡೀಸೆಲ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಸಾಲದ ಬಡ್ಡಿ ಇಲ್ಲ. "ಇನ್ಶೂರೆನ್ಸ್ ಇತ್ತಲ್ಲ, ಕ್ಲೇಮ್ ಮಾಡ್ಬೇಕಿತ್ತು" ಅಂತ ಪಂಚಾಯ್ತಿ ಕಟ್ಟೆಯಲ್ಲಿ ಒಬ್ಬರು ಕೇಳಿದರು. ಇನ್ಶೂರೆನ್ಸಿನವರು ಕೊಡೋದು ಗುದ್ದಿದ್ದಕ್ಕೆ, ಸವೆದದ್ದಕ್ಕಲ್ಲ.

ನಮ್ಮ ಕಡೆ ದುಡ್ಡಿನ ಅಳತೆ ಕಬ್ಬಿನಲ್ಲೇ ಆಗಬೇಕು, ಆವಾಗಲೇ ತಲೆಗೆ ಹೋಗೋದು. ಕೇಂದ್ರ ಸರ್ಕಾರ 2023-24ರ ಹಂಗಾಮಿಗೆ ಶೇ. 9.5 ಅಥವಾ ಅದಕ್ಕಿಂತ ಕಡಿಮೆ ಇಳುವರಿಯ ಕಬ್ಬಿಗೆ ಕಟ್ಟಿದ ದರ ಟನ್ನಿಗೆ ಹೆಚ್ಚುಕಡಿಮೆ 2,900 ರೂಪಾಯಿ. ಆ ಲೆಕ್ಕದಲ್ಲಿ ರಿಪೇರಿ ಬಿಲ್ಲು 96 ಟನ್. ಅದೂ ಕಡಿಯುವ ಕೂಲಿ, ಸಾಗಿಸುವ ಬಾಡಿಗೆ ಕಳೆಯದೆ. ಎರಡು ಎಕರೆ ಕಬ್ಬು, ಒಂದು ವರ್ಷದ ನೀರು, ಗೊಬ್ಬರ, ನಿದ್ದೆ, ಎಲ್ಲ ಬಾನೆಟ್ ಕೆಳಗೆ ಹೋಯ್ತು. ಕಬ್ಬಿನ ದುಡ್ಡು ಹದಿನಾಲ್ಕು ದಿನದಲ್ಲಿ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಎಷ್ಟು ದಿನಕ್ಕೆ ಬರುತ್ತೆ ಅಂತ ಬೆಳೆದವರನ್ನು ಕೇಳಿ. ಫೈನಾನ್ಸಿನವನು ಮಾತ್ರ ಐದನೇ ತಾರೀಕು ತಪ್ಪಿಸಲ್ಲ.

ಇಷ್ಟೆಲ್ಲ ಆಗೋವರೆಗೂ ಅಣ್ಣನ ಬಾಯಲ್ಲೂ ಅದೇ ಮಾತು. "ಬುಡ್ಲಾ, ನಂಗೆ ಗಾಡಿ ಯೋಗ ಇಲ್ಲ."

ಯೋಗ ಏನೂ ಅಲ್ಲ ಅಂತ ಗೊತ್ತಾದದ್ದು ಇಂಜೆಕ್ಟರ್ ಹಾಕಿಸುವಾಗ. ಕಂಪನಿಯ ಸರ್ವೀಸ್ ಸೆಂಟರಿನಲ್ಲಿ ರಿಜಿಸ್ಟ್ರೇಷನ್ ನಂಬರ್ ಹೊಡೆದ ಹುಡುಗ ಕಂಪ್ಯೂಟರನ್ನೂ ನೋಡಿದ, ಮೀಟರನ್ನೂ ನೋಡಿದ, ಆಮೇಲೆ ನಮ್ಮನ್ನು ನೋಡಿದ. 2020ರ ಫೆಬ್ರವರಿಯಲ್ಲಿ ಇದೇ ಗಾಡಿ ಸರ್ವೀಸಿಗೆ ಬಂದಾಗ ಓಡಿದ್ದು 1,61,000 ಕಿಲೋಮೀಟರ್! ಎರಡು ವರ್ಷ ಆದಮೇಲೆ ನಾವು ತಗೊಂಡಾಗ 82,000. ಗಾಡಿ ಹಿಂದಕ್ಕೆ ಓಡಿತ್ತು.

ಈಗ ಮೇಲಿನ ಬಿಲ್ಲುಗಳನ್ನು ಇನ್ನೊಂದು ಸಲ ಓದಿ. ಒಂದೂ ಆಕಸ್ಮಿಕ ಅಲ್ಲ. ಎರಡು ಲಕ್ಷದ ಹತ್ತಿರ ಓಡಿದ ಡೀಸೆಲ್ ಗಾಡಿಗೆ ಏನೇನು ಹೋಗಬೇಕೋ ಅದೇ, ಹೆಚ್ಚುಕಡಿಮೆ ಅದೇ ಸರದಿಯಲ್ಲಿ ಹೋಯ್ತು. ಮೀಟರ್ ನಿಜ ಹೇಳಿದ್ದಿದ್ದರೆ ಅಣ್ಣ ಐದೂವರೆ ಲಕ್ಷ ಕೊಡ್ತಾ ಇರಲಿಲ್ಲ. ಮೂರಕ್ಕೆ ಕೇಳ್ತಿದ್ದ, ಇಲ್ಲ ಬಿಟ್ಟು ಬರ್ತಿದ್ದ. ಮುಳ್ಳಿನ ಮೀಟರ್ ಕಾಲದಲ್ಲಿ ಹಿಂದಕ್ಕೆ ತಿರುಗಿಸಬೇಕಾದರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಿತ್ತು. ಡಿಜಿಟಲ್ ಬಂದ ಮೇಲೆ ಲ್ಯಾಪ್‌ಟಾಪ್ ಸಿಕ್ಕಿಸಿ ಅಂಕಿ ಬರೆದರೆ ಆಯ್ತು, ಟೀ ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಮುಗೀತು. ವ್ಯಾಪಾರಿಗೆ ಫೋನ್ ಮಾಡಿದರೆ "ನಾನು ತಗೊಂಡಾಗಲೇ ಹಂಗೆ ಇತ್ತು ಸಾರ್" ಅಂದ. ಇರಬಹುದು ಕೂಡ! ಮಧ್ಯೆ ಎಷ್ಟು ಕೈ ಬದಲಾಗಿದೆಯೋ, ಯಾರ ಕೈಯಲ್ಲಿ ಅಂಕಿ ಕುಗ್ಗಿತೋ, ಹೇಗೆ ಸಾಬೀತು ಮಾಡ್ತೀರಿ? ಪೊಲೀಸ್ ಸ್ಟೇಷನ್ನಿಗೆ ಹೋದರೆ ವಂಚನೆ ಕೇಸು ಹಾಕಬಹುದು, ಗ್ರಾಹಕ ಆಯೋಗಕ್ಕೂ ಹೋಗಬಹುದು. ವಾರಕ್ಕೆರಡು ದಿನ ಆಸ್ಪತ್ರೆ ಬಾಗಿಲು ಕಾಯುವವನು ಮೂರನೇ ದಿನ ಕೋರ್ಟು ಬಾಗಿಲು ಕಾಯಬೇಕು ಅಂತ ಹೇಳೋದು ಸುಲಭ.

ಅಮೆರಿಕದಲ್ಲಿ ಇಂಥ ಕೆಟ್ಟ ಗಾಡಿಗೆ ನಿಂಬೆಹಣ್ಣು ಅಂತಾರೆ. ನಾವು ಗಾಡಿ ತಂದ ದಿನ ಚಕ್ರದ ಕೆಳಗೆ ಇಡ್ತೀವಿ, ಅವರು ಗಾಡಿಗೇ ಆ ಹೆಸರಿಟ್ಟಿದ್ದಾರೆ. ಜಾರ್ಜ್ ಅಕರ್ಲಾಫ್ ಅನ್ನುವ ಅರ್ಥಶಾಸ್ತ್ರಜ್ಞ 1970ರಲ್ಲಿ ಈ ನಿಂಬೆಹಣ್ಣಿನ ಸಂತೆ ಬಗ್ಗೆಯೇ ಒಂದು ಪ್ರಬಂಧ ಬರೆದ, 2001ರಲ್ಲಿ ನೊಬೆಲ್ ಬಂತು. ಅವನು ಹೇಳಿದ್ದು ಇಷ್ಟು: ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ, ಕೊಳ್ಳುವವನು ಎಲ್ಲ ಗಾಡಿಗೂ ಅನುಮಾನದ ಬೆಲೆಯನ್ನೇ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೇ ಗಾಡಿ ಇಟ್ಟುಕೊಂಡವನು ಮಾರಲ್ಲ, ಮನೆಯಲ್ಲೇ ಉಳಿಸಿಕೊಳ್ತಾನೆ. ಹೀಗೆ ಒಳ್ಳೆಯವು ಸಂತೆ ಬಿಟ್ಟು ಹೋಗ್ತಾ ಹೋಗ್ತಾ ಕೊನೆಗೆ ಉಳಿಯೋದು ಕೆಟ್ಟವು. ಮಂಡ್ಯದ ಯಾವ ಬ್ರೋಕರನ್ನು ಬೇಕಾದರೂ ಕೇಳಿ, ನೊಬೆಲ್ ಇಲ್ಲದೆಯೇ ಇದನ್ನು ಹೇಳ್ತಾನೆ. ದನದ ಜಾತ್ರೆಯಲ್ಲೂ ಸುಳ್ಳು ಇತ್ತು, ನಿಜ. ಆದರೆ ಅಲ್ಲಿ ಬಾಯಿ ಬಿಡಿಸಿ ಹಲ್ಲು ನೋಡಬಹುದಿತ್ತು. ಇಲ್ಲಿ ಹಲ್ಲನ್ನೇ ಹೊಸದಾಗಿ ಕಟ್ಟಿಸಿಕೊಂಡು ಬರ್ತಾರೆ.

ಔಷಧಿ ಇಲ್ಲದ ರೋಗ ಏನಲ್ಲ ಇದು. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರಿಗೆ ಪ್ರತಿ ವರ್ಷ ತಪಾಸಣೆ. ಆವಾಗ ಮೀಟರ್ ಎಷ್ಟಿತ್ತು ಅಂತ ಬರೆದಿಡ್ತಾರೆ, ನಂಬರ್ ಹಾಕಿದರೆ ಯಾರು ಬೇಕಾದರೂ ಬಿಟ್ಟಿಯಾಗಿ ನೋಡಬಹುದು. ಬೆಲ್ಜಿಯಂನಲ್ಲಿ 2006ರಿಂದ ಗಾಡಿ ಮಾರುವಾಗ ಕಿಲೋಮೀಟರಿನ ಪೂರ್ತಿ ಚರಿತ್ರೆ ಇರುವ ಪತ್ರ ಕೊಡಲೇಬೇಕು. ನಮ್ಮಲ್ಲೂ ಎಲ್ಲ ಗಾಡಿ ಎಮಿಷನ್ ಟೆಸ್ಟಿಗೆ ಹೋಗುತ್ತೆ, ಇನ್ಶೂರೆನ್ಸ್ ಆಗುತ್ತೆ. ಫೋನಿನಲ್ಲಿ ನಂಬರ್ ಹಾಕಿದರೆ ಇನ್ಶೂರೆನ್ಸ್ ಯಾವತ್ತು ಮುಗಿಯುತ್ತೆ, ಎಫ್‌ಸಿ ಎಲ್ಲಿವರೆಗೆ ಇದೆ, ಎಲ್ಲ ತೋರಿಸುತ್ತೆ. ಎಷ್ಟು ಓಡಿದೆ ಅನ್ನೋದೊಂದನ್ನು ಬಿಟ್ಟು! ಗಾಡಿಯ ಬೆಲೆ ನಿಂತಿರೋದೇ ಆ ಒಂದು ಅಂಕಿ ಮೇಲೆ. ಎಮಿಷನ್ ಟೆಸ್ಟಿನವನು ಹೇಗೂ ನಂಬರ್ ಪ್ಲೇಟಿನ ಫೋಟೊ ಹೊಡೀತಾನೆ, ಮೀಟರಿಂದೂ ಒಂದು ಹೊಡೆದರೆ ಅವನ ಗಂಟೇನು ಹೋಗುತ್ತೆ?

2022ರ ಡಿಸೆಂಬರ್ 22ಕ್ಕೆ ಕೇಂದ್ರ ಸಾರಿಗೆ ಇಲಾಖೆ ಹಳೇ ಗಾಡಿ ವ್ಯಾಪಾರಿಗಳಿಗೆ ನಿಯಮ ತಂದಿತು, 2023ರ ಏಪ್ರಿಲ್‌ನಿಂದ ಜಾರಿ. ವ್ಯಾಪಾರಿ ಆರ್‌ಟಿಒ ಹತ್ತಿರ ಅಧಿಕಾರ ಪತ್ರ ತಗೋಬೇಕು, ಗಾಡಿ ಅವನ ಕೈಗೆ ಬಂದದ್ದು ದಾಖಲಾಗಬೇಕು, ತನ್ನ ಹತ್ತಿರ ಇರುವಾಗ ಅದನ್ನು ಎಲ್ಲೆಲ್ಲಿ ಓಡಿಸಿದ ಅನ್ನೋದಕ್ಕೆ ರಿಜಿಸ್ಟರ್ ಇಡಬೇಕು. ಒಳ್ಳೇದೇ. ಆದರೆ ಟೆಸ್ಟ್ ಡ್ರೈವ್ ಲೆಕ್ಕ ಕೇಳುವ ಸರ್ಕಾರ ಅದಕ್ಕೂ ಹಿಂದಿನ ಎಂಟು ವರ್ಷದ ಲೆಕ್ಕ ಕೇಳೋದು ಬೇಡವಾ?

ಅದಾಗಿ ಎರಡೇ ದಿನಕ್ಕೆ, ಡಿಸೆಂಬರ್ 24ಕ್ಕೆ, ಗ್ರಾಹಕ ಇಲಾಖೆಯವರು ರಿಪೇರಿ ಹಕ್ಕಿನ ಪೋರ್ಟಲ್ ತೆರೆದರು. ಕಾರುಗಳೂ ಅದರಲ್ಲಿವೆ. ಈ ಹಕ್ಕಿನ ಜಗಳ ಹಳೇದು. 2014ರ ಆಗಸ್ಟ್‌ನಲ್ಲಿ ಸ್ಪರ್ಧಾ ಆಯೋಗ ಹದಿನಾಲ್ಕು ಕಾರು ಕಂಪನಿಗಳಿಗೆ 2,544 ಕೋಟಿ ದಂಡ ಹಾಕಿತ್ತು. ಬಿಡಿಭಾಗಗಳನ್ನೂ ರಿಪೇರಿಯ ತಾಂತ್ರಿಕ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಕಟ್ಟಿಹಾಕಿ ಗ್ರಾಹಕನ ಹತ್ತಿರ ಬಾಯಿಗೆ ಬಂದ ರೇಟು ವಸೂಲಿ ಮಾಡ್ತಿದ್ದಾರೆ ಅಂತ. ಮೇಲ್ಮನವಿ, ತಡೆಯಾಜ್ಞೆ ಅಂತ ಎಳೆದಾಟವೂ ಆಯ್ತು. ಇದೆಲ್ಲ ದೆಹಲಿ ಸುದ್ದಿ ಅನ್ನಿಸಬಹುದು. ಅಣ್ಣನ ಗಾಡಿಗೆ ಹೊಸ ಇಂಜೆಕ್ಟರ್ ಕೂರಿಸಿದ ಮೇಲೆ ಅದರ ಮೇಲಿರುವ ಕೋಡನ್ನು ಕಂಪ್ಯೂಟರಿಗೆ ಹೇಳಿಕೊಡಬೇಕು. ನಮ್ಮ ಊರ ಮೆಕ್ಯಾನಿಕ್‌ಗೆ ಕೂರಿಸೋಕೆ ಬರುತ್ತೆ, ಹೇಳಿಕೊಡುವ ಯಂತ್ರ ಅವನ ಹತ್ತಿರ ಇಲ್ಲ. ಅಷ್ಟಕ್ಕೇ ಗಾಡಿ ಕಂಪನಿ ಶೆಡ್ಡಿಗೆ ಹೋಗಬೇಕಾಯ್ತು. ಮೂವತ್ತು ವರ್ಷ ಕೈಗೆ ಗ್ರೀಸ್ ಮೆತ್ತಿಕೊಂಡ ಮನುಷ್ಯ ಬಾಗಿಲ ಹೊರಗೆ ನಿಂತು ನೋಡ್ತಾ ಇದ್ದ. ಆ ಮುಖ ನನಗೆ ಬಿಲ್ಲಿಗಿಂತ ಹೆಚ್ಚು ನೆನಪಿದೆ.

ಬೇರೆ ರಾಜ್ಯದಿಂದ ಬರುವ ಗಾಡಿಗಳದ್ದು ಇನ್ನೊಂದು ರಾಮಾಯಣ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿ ಸುತ್ತಮುತ್ತ ಓಡುವ ಹಾಗಿಲ್ಲ ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿದ ಮೇಲೆ ಅಲ್ಲಿಯ ದೊಡ್ಡ ಗಾಡಿಗಳು ಕಡಿಮೆ ರೇಟಿಗೆ ದಕ್ಷಿಣದ ಕಡೆ ಮುಖ ಮಾಡಿದವು. 2025ರಲ್ಲಿ ಕೋರ್ಟು ಪಟ್ಟು ಸ್ವಲ್ಪ ಸಡಿಲಿಸಿದೆ. ಅಷ್ಟರಲ್ಲಿ ಬಂದವು ಬಂದಾಗಿತ್ತು. ಅವುಗಳಿಗೆ ಎನ್‌ಒಸಿ, ಇಲ್ಲಿಯ ತೆರಿಗೆ, ಹೊಸ ನಂಬರು, ಎಲ್ಲ ಸೇರಿಸಿದರೆ ಅಗ್ಗ ಅನ್ನೋದು ಮಾಯ. ಹದಿನೈದು ವರ್ಷ ತುಂಬಿದರೆ ಆರ್‌ಸಿ ರಿನ್ಯೂವಲ್ಲು ಬೇರೆ. 600 ರೂಪಾಯಿ ಇದ್ದ ಆ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000 ಮಾಡಿದ್ದರು.

ಮಾರುವವರಿಗೂ ಒಂದು ಮಾತು. ದುಡ್ಡು ಎಣಿಸಿಕೊಂಡು ಕೀ ಕೊಟ್ಟು ಬಂದ್ರೆ ಮುಗೀತು ಅಂದುಕೊಳ್ಳಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವನೇ ಓನರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವನದೇ ಅಂತ 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಕೇಸಿನಲ್ಲಿ ಗಾಡಿ ಎಷ್ಟೋ ಕೈ ದಾಟಿತ್ತು, ಪುಸ್ತಕದಲ್ಲಿ ಮಾತ್ರ ಮೊದಲಿನವನ ಹೆಸರೇ ಇತ್ತು. ನಮ್ಮ ಕಡೆ ಆರ್‌ಸಿ ಬದಲಿಸದೇ ಓಡಾಡ್ತಿರುವ ಗಾಡಿಗಳನ್ನು ಲೆಕ್ಕ ಹಾಕಿದರೆ ಎಷ್ಟು ಜನ ಮಾಜಿ ಓನರುಗಳು ನಿದ್ದೆಗೆಡಬೇಕೋ.

"ಹಂಗಾದ್ರೆ ಬಡವರು ಹಳೇ ಗಾಡಿ ತಗೊಳ್ಳಲೇಬಾರ್ದಾ?" ಅಂತ ಕೇಳ್ತೀರಿ. ತಗೊಳ್ಳಿ. ಹಳೇ ಬೊಲೆರೊ ರೇಟು ಕೇಳಿ ನೋಡಿ, ಬೆಚ್ಚಿ ಬೀಳ್ತೀರಿ, ಇಳಿಯೋದೇ ಇಲ್ಲ. ಯಾಕೆ? ಚೆಂದ ಇದೆ ಅಂತಾ? ಹಿಂದೆ ಕೂತರೆ ಸೊಂಟ ಹಿಡಿಯುತ್ತೆ. ಅದರ ಹಣೆಬರಹ ಊರಿಗೆಲ್ಲ ಗೊತ್ತು, ಯಾವ ಸಾಮಾನು ಯಾವಾಗ ಹೋಗುತ್ತೆ, ಎಲ್ಲಿ ಸಿಗುತ್ತೆ, ಎಷ್ಟಾಗುತ್ತೆ, ಯಾರು ಹಾಕ್ತಾರೆ, ಎಲ್ಲ. ಕಟ್ಟಿದ ಬೆಲೆಯಲ್ಲಿ ಗುಟ್ಟಿಲ್ಲ. ಅದೇ ಶೋರೂಂನಲ್ಲಿ ಎರಡು ಪಟ್ಟು ಬೆಲೆ ಇದ್ದ ಗಾಡಿ ಎಂಟು ವರ್ಷಕ್ಕೆ ಅದೇ ರೇಟಿಗೆ ಬಂದು ನಿಂತಿದ್ದರೆ ಅದು ಲಾಟರಿ ಅಲ್ಲ, ಅದರ ರಿಪೇರಿ ಎಷ್ಟಾಗುತ್ತೆ ಅಂತ ಮಾರುವವನು ಲೆಕ್ಕ ಹಾಕಿ ಮುಗಿಸಿದ್ದಾನೆ ಅಂತ ಅರ್ಥ. ಶೆವರ್ಲೆ 2017ಕ್ಕೆ ಇಲ್ಲಿ ಮಾರೋದು ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿ ಕಾರು ಮಾಡೋದು ನಿಲ್ಲಿಸ್ತೀವಿ ಅಂತು. ಆ ಹೆಸರಿನ ಗಾಡಿಗಳು ಅಗ್ಗ ಆದದ್ದರಲ್ಲಿ ಆಶ್ಚರ್ಯ ಏನಿದೆ?

ತಗೊಳ್ಳಲೇಬೇಕು ಅಂದವರು ಮೀಟರ್ ನೋಡಬೇಡಿ, ಪೆಡಲ್ ರಬ್ಬರ್ ನೋಡಿ. ಐವತ್ತು ಸಾವಿರ ಓಡಿದ ಗಾಡಿಯ ಕ್ಲಚ್ ಪೆಡಲ್ ಬೋಳಾಗಿರಲ್ಲ. ಸ್ಟೇರಿಂಗು ಎಣ್ಣೆ ಹಚ್ಚಿದ ಹಾಗೆ ಮಿಂಚ್ತಾ ಇದೆಯಾ ನೋಡಿ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಎಲ್ಲಕ್ಕಿಂತ ಮೊದಲು ಗಾಡಿ ನಂಬರು, ಚಾಸಿ ನಂಬರು ಹಿಡಿದು ಆ ಕಂಪನಿಯ ಯಾವುದಾದರೂ ಸರ್ವೀಸ್ ಸೆಂಟರಿಗೆ ಹೋಗಿ ಹಳೇ ದಾಖಲೆ ಕೇಳಿ. ಮಾರುವವನು ಜೊತೆಗೆ ಬರಲ್ಲ ಅಂದರೆ ಅಲ್ಲಿಂದಲೇ ಬಸ್ ಹತ್ತಿ.

ಅಣ್ಣ ಆ ಗಾಡಿಯನ್ನು 2024ರ ಆಗಸ್ಟ್‌ನಲ್ಲಿ ಮಾರಿದ. ಕೊಟ್ಟದ್ದು, ಸುರಿದದ್ದು ಸೇರಿ 8,39,000. ಮಾರಿದಾಗ ಬಂದದ್ದು 2,25,000. ಉಳಿದ 6,14,000 ನಾವು ಓಡಿಸಿದ 19,000 ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ 32 ರೂಪಾಯಿ ಚಿಲ್ಲರೆ, ಡೀಸೆಲ್ ಬೇರೆ. ಡ್ರೈವರ್ ಸಮೇತ ಬಾಡಿಗೆ ಗಾಡಿ ತರಿಸಿದ್ದರೆ ನಮ್ಮ ಕಡೆ ಇಪ್ಪತ್ತರ ಆಸುಪಾಸು, ಡೀಸೆಲ್ ಸೇರಿ. ದೊಡ್ಡಮ್ಮ ಈಗ ಹಾಗೇ ಹೋಗಿ ಬರ್ತಾರೆ, ಊರಿನದೇ ಒಬ್ಬ ಹುಡುಗನ ತಗ್ಗು ಕಾರಿನಲ್ಲಿ.

ಮಾರುವಾಗ ಬ್ರೋಕರು "ಮೀಟರ್ ವಿಷ್ಯ ಬಾಯ್ಬುಡ್ಬೇಡಿ, ಮೂರಕ್ಕೆ ಕೊಡುಸ್ತೀನಿ" ಅಂದ. ಮೀಟರಿನಲ್ಲಿ 1,01,000 ತೋರಿಸ್ತಾ ಇತ್ತು. ಅಣ್ಣ ಕೇಳಲಿಲ್ಲ. ಸರ್ವೀಸ್ ಸೆಂಟರಿನ ಕಾಗದ, ನನ್ನ ಹತ್ತಿರ ಇದ್ದ ಬಿಲ್ಲುಗಳು, ಎಲ್ಲ ಒಂದು ಫೈಲ್ ಮಾಡಿ ಬಂದವರ ಮುಂದೆ ಇಟ್ಟ. ಮೊದಲು ಬಂದವರು ಮದ್ದೂರು ಕಡೆಯವರು, ಗಂಡ ಹೆಂಡತಿ. ಫೈಲ್ ಪೂರ್ತಿ ನೋಡಿ, "ಇಷ್ಟು ಒಪ್ಕೋತಾವ್ರೆ ಅಂದ್ರೆ ಒಳಗೆ ಇನ್ನೆಷ್ಟಿದ್ದಾತು" ಅಂತ ಮಾತಾಡಿಕೊಂಡು ಎದ್ದು ಹೋದರು. ಎರಡನೆಯವರೂ ಅಷ್ಟೇ, ಕಾಫಿ ಕುಡಿದು ಫೋನ್ ಮಾಡ್ತೀವಿ ಅಂದವರು ಮಾಡಲಿಲ್ಲ. ಕೊನೆಗೆ ತಗೊಂಡವನು ಮಳವಳ್ಳಿ ಕಡೆಯ ಒಬ್ಬ ಮೆಕ್ಯಾನಿಕ್. ಅವನು ಮೀಟರ್ ಕಡೆ ನೋಡಲೇ ಇಲ್ಲ. ಬಿಲ್ಲುಗಳನ್ನು ಒಂದೊಂದೇ ತಿರುವಿ ಹಾಕಿ, ಬಾನೆಟ್ ಎತ್ತಿ, ಆಯಿಲ್ ಮುಚ್ಚಳ ತೆಗೆದು ಕಿವಿ ಇಟ್ಟು ಕೇಳಿ, "ಎಲ್ಲ ನೀವೇ ಹಾಕ್ಸಿದ್ದೀರಲ್ಲಣ್ಣ, ಇನ್ನು ನಂಗೇನ್ ಖರ್ಚೈತೆ" ಅಂತ ನಗ್ತಾ ದುಡ್ಡು ಎಣಿಸಿದ.